ಕೆಂಪೋ ಹಳದಿಯೋ

ಶೇಕಡಾ ಗುರುತೆಂದರೆ ವಾನ್‌ಚಿಗೆ ಇಷ್ಟ. ಎರಡು ಪುಟ್ಟ ಸೊನ್ನೆಗಳು, ನಡುವೆ ಒಂದು ಓರೆಗೆರೆ. ಮೂಗಿನ ಆಚೆ ಈಚೆ ಉಳಿದು ಒಂದನ್ನೊಂದು ಎಂದೂ ನೋಡಲಾರದ ಮೀನಿನ ಕಣ್ಣುಗಳ ಹಾಗೆ. ಶಾಲೆಯಲ್ಲಿದ್ದಾಗ ಅದು ಅವಳನ್ನು ಹೆದರಿಸುತ್ತಿತ್ತು. ತುಂಬಬೇಕಾದ್ದು ಎಷ್ಟು ತುಂಬಲಿಲ್ಲ ಎಂದು ಹೇಳುವುದಕ್ಕೇ ಬರುವ ಗುರುತು ಎನಿಸುತ್ತಿತ್ತು. ದೇವಸ್ಥಾನದ ಕಚೇರಿಯ ಈ ಹಳೆಯ ಕಂಪ್ಯೂಟರಿನಲ್ಲಿ ಅದಕ್ಕೆ ಬೇರೆಯೇ ಕೆಲಸ. ಇಲ್ಲಿ ಏನು ಬೇಕಾದರೂ ಇರಬಹುದು, ಎಷ್ಟು ಉದ್ದ ಬೇಕಾದರೂ ಇರಬಹುದು, ಏನೂ ಇಲ್ಲದೆಯೂ ಇರಬಹುದು ಎಂದು ಅದು ಹೇಳುತ್ತದೆ. ಮೇಲ್ವಿಚಾರಕ ಲ್ಯಾವ್ ಮಾಮನ ಸೋದರಳಿಯ ತೈಪೆಯಿಂದ ಬಂದು ದೇವಸ್ಥಾನದ ಹಳೆಯ ಹೆಸರುಗಳನ್ನೆಲ್ಲ ಡೇಟಾಬೇಸಿಗೆ ಇಳಿಸಿಕೊಟ್ಟ ವರ್ಷ, ಒಂದು ಮಧ್ಯಾಹ್ನ ಅವಳ ಪಕ್ಕ ಕೂತು, ಗೊತ್ತಿರುವುದನ್ನು ಬರೆ, ಗೊತ್ತಿಲ್ಲದ ಕಡೆ ಇದನ್ನು ಹಾಕು, ಅದೊಂದು ಅಚ್ಚು, ಯಂತ್ರ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಾಲನ್ನು ಓದಿ ಆ ಅಚ್ಚಿಗೆ ಕೂರುವುದನ್ನೆಲ್ಲ ತಂದು ನಿನ್ನೆದುರು ಇಡುತ್ತದೆ ಎಂದು ಹೇಳಿಕೊಟ್ಟಿದ್ದ. ಇರುವುದು ಒಂದೇ ಅಕ್ಷರ ಅಂತ ಗೊತ್ತು, ಯಾವುದು ಅಂತ ಗೊತ್ತಿಲ್ಲದಿದ್ದರೆ ಎಂದು ಅವಳು ಕೀಬೋರ್ಡನ್ನು ನೋಡುತ್ತ ಕೇಳಿದ್ದಳು. ಅದಕ್ಕೆ ಅಡಿಗೆರೆ, ಒಂದು ಅಡಿಗೆರೆಗೆ ಒಂದೇ ಅಕ್ಷರ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂದಿದ್ದ. ಅವನು ಹೋದ ಮೇಲೆ ಅವಳು ಖಾಲಿ ಮಧ್ಯಾಹ್ನಗಳಲ್ಲಿ ಸುಮ್ಮನೆ ಹುಡುಕುತ್ತ ಕೂರುತ್ತಿದ್ದಳು. ಯಾರನ್ನು ಎಂದಿಲ್ಲ. ಬೋಂಗ್ ಎಂದು ಬರೆದು ಮುಂದೊಂದು ಅಡಿಗೆರೆ ಎಳೆದರೆ ಬಂದರಿನ ಮುದುಕಿಯರೆಲ್ಲ ಸಾಲಾಗಿ ಬರುತ್ತಿದ್ದರು: ಬೋಂಗ್‌ಚಿ, ಬೋಂಗ್‌ಸೀ, ಅವಳ ಅಜ್ಜಿ ಬೋಂಗ್‌ಯೋ. ಹೆಣ್ಣಾಯಿತಲ್ಲ, ಇರಲಿ, ಹೇಗೋ ಸಾಕಿದರಾಯಿತು ಎಂದು ಹೆತ್ತವರು ಇಟ್ಟ ಹೆಸರುಗಳು. ಬೇಡವಾಗಿ ಹುಟ್ಟಿದ ಅಷ್ಟೂ ಜನ ಒಂದು ಅಡಿಗೆರೆಗೆ ಓಗೊಟ್ಟು ಪರದೆಯ ಮೇಲೆ ಬಂದು ನಿಂತಾಗ ಅವಳಿಗೆ ನಗುವೂ ಬಂದಿತ್ತು, ತಾನು ಯಾರದೋ ಮನೆಯ ಪರದೆ ಸರಿಸಿ ನೋಡಿದ ಹಾಗೆ ಅಳುಕೂ ಆಗಿತ್ತು.

ಈ ಬೆಳಿಗ್ಗೆಯ ಅಳುಕು ಬೇರೆ ಥರದ್ದು. ಸತ್ತವರು ಊಟಕ್ಕೆ ಬರುವ ಏಳನೆಯ ತಿಂಗಳ ದೊಡ್ಡ ಪೂಜೆ ಇವತ್ತು. ಪಕ್ಕದ ಹಜಾರದಲ್ಲಿ ಬಿದಿರಿನ ಚೌಕಟ್ಟುಗಳ ಮೇಲೆ ನಿನ್ನೆ ಸಂಜೆಯೇ ಚೀಟಿಗಳನ್ನು ಅಂಟಿಸಿಯಾಗಿತ್ತು, ಎಡಗಡೆ ಕೆಂಪು, ಬಲಗಡೆ ಹಳದಿ. ಬದುಕಿರುವವರ ಹೆಸರು ಕೆಂಪು ಕಾಗದದ ಮೇಲೆ, ದೇವಸ್ಥಾನದ ದೇವಿ ಕಡಲ ತಾಯಿ ಅವರನ್ನು ಕಾಯಲಿ ಎಂದು. ಸತ್ತವರದು ಹಳದಿಯ ಮೇಲೆ, ಬಂದು ಉಂಡು ಹೋಗಲಿ ಎಂದು. ಪುರೋಹಿತರು ಓದಿದ ಮೇಲೆ ಸಂಜೆಗೆ ಎರಡನ್ನೂ ಒಟ್ಟಿಗೆ ಸುಡುತ್ತಾರೆ. ಅಂಟಿಸಿದ್ದು ಊರಿನ ಹೆಂಗಸರು; ವಾನ್‌ಚಿ ಬರೀ ಮುದ್ರಿಸಿ ಕೊಟ್ಟಿದ್ದಳು. ಮುದ್ರಿಸುವಾಗಲೇ ಹಳದಿ ಕಾಗದದ ಕಟ್ಟು ಮುಗಿದು, ಇನ್ನೊಂದು ಕಟ್ಟು ಒಡೆಯಬೇಕಾಗಿ ಬಂದು, ಆಗಲೂ ಅವಳು ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಲಿಲ್ಲ ಎಂದರೆ ಸುಳ್ಳು. ಕೇಳಿಕೊಂಡಿದ್ದಳು, ಲ್ಯಾವ್ ಮಾಮ ಕುರ್ಚಿ ಬಾಡಿಗೆಗೆ ಕೊಡುವವನ ಹತ್ತಿರ ಜಗಳವಾಡುತ್ತಿದ್ದ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು. ಹೇಳಬೇಕಾದ ಮಾತು ಗಂಟಲ ತನಕ ಬಂದು ಯಾರದಾದರೂ ಮುಖ ಕಂಡೊಡನೆ ಹಿಂದಕ್ಕೆ ಹೋಗುವುದು ಅವಳಿಗೆ ಹೊಸದಲ್ಲ. ಶಾಲೆ ಬಿಟ್ಟದ್ದೂ ಹಾಗೆಯೇ. ಒಂದು ದಿನ ಹೋಗಲಿಲ್ಲ, ಮರುದಿನ ಯಾಕೆ ಬರಲಿಲ್ಲ ಎಂದು ಕೇಳಿದರೆ ಏನು ಹೇಳುವುದೆಂದು ಹೋಗಲಿಲ್ಲ, ಆಮೇಲೆ ಕೇಳುವವರೇ ಇರಲಿಲ್ಲ.

ನಿನ್ನೆ ಲ್ಯಾವ್ ಮಾಮ ಹೇಳಿದ ಕೆಲಸ ಸಣ್ಣದು. ಹೋದ ಚಳಿಗಾಲದಲ್ಲಿ ಮುಳುಗಿದ ಶುನ್‌ಮಾನ್ ಆರನೇ ನಂಬರಿನ ದೋಣಿಯವರ ಮನೆಗಳಲ್ಲಿ, ಅವರು ಇನ್ನು ಬರುವುದಿಲ್ಲವೆಂದು ಕೊನೆಗೂ ಒಪ್ಪಿದ್ದಾರೆ, ಅವರನ್ನೆಲ್ಲ ಹಳದಿಗೆ ಹಾಕಿಬಿಡು ಎಂದ. ಹೇಳಿ ತನ್ನ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಡೇಟಾಬೇಸಿನ ಟೇಬಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು: ಹೆಸರು, ಹುಟ್ಟಿದ ದಿನ, ಮನೆ, ಫೋನು, ದೋಣಿ, ಬಣ್ಣ. ದೋಣಿಯ ಹೆಸರನ್ನು ಜನ ತಮಗೆ ತೋಚಿದ ಹಾಗೆ ಬರೆಸುತ್ತಿದ್ದರು. ಕೆಲವರು ಆರು ಎಂದು ಅಂಕಿಯಲ್ಲಿ, ಕೆಲವರು ಅಕ್ಷರದಲ್ಲಿ, ಕೆಲವರು ನಡುವೆ ನಂಬರು ಎಂದು ಸೇರಿಸಿ, ಒಬ್ಬಳಂತೂ ಮಗನ ದೋಣಿ ನಮ್ಮ ಶುನ್‌ಮಾನ್ ಎಂದಷ್ಟೇ ಬರೆಸಿದ್ದಳು. ಯಾರೂ ತಪ್ಪಿಹೋಗಬಾರದು ಎಂದು ವಾನ್‌ಚಿ ಯೋಚಿಸಿದಳು. ಮುಳುಗಿದವರಲ್ಲಿ ಒಬ್ಬ ಹೊರಗೆ ಉಳಿದು, ಊಟದ ಹೊತ್ತಿಗೆ ಅವನ ಹೆಸರು ಕರೆಯದೆ ಹೋದರೆ? ಅದಕ್ಕೇ ಅಚ್ಚನ್ನು ಅಗಲ ಮಾಡಿದಳು. ಹಿಂದೊಂದು ಶೇಕಡಾ ಗುರುತು, ನಡುವೆ ಶುನ್‌ಮಾನ್, ಮುಂದೊಂದು ಶೇಕಡಾ ಗುರುತು. ಹಾಗಿರುವ ಸಾಲುಗಳನ್ನೆಲ್ಲ ಹಳದಿ ಮಾಡು. ಒತ್ತಿದಳು. ಬದಲಾದ ಸಾಲುಗಳು ಇಷ್ಟು ಎಂದು ಯಂತ್ರ ಒಂದು ಅಂಕಿ ತೋರಿಸಿತು, ಅದು ಒಂದು ದೋಣಿಗೆ ಹಿಡಿಸುವ ಅಂಕಿಯಾಗಿರಲಿಲ್ಲ. ಕರುಣೆ ತುಂಬಿದ ಮನಸ್ಸು ಎಷ್ಟು ಬೇಗ ಕಾರಣ ಹುಡುಕಿಕೊಳ್ಳುತ್ತದೆ ಎಂದು ಆಮೇಲೆ ಅವಳಿಗೆ ಆಶ್ಚರ್ಯವಾಯಿತು. ಆ ಅಂಕಿಯನ್ನು ನೋಡಿ ಅವಳು, ಪಾಪ, ಎಷ್ಟೊಂದು ಜನ, ಎಂದುಕೊಂಡಿದ್ದಳು.

ಗ್ವೇಯಿಂಗ್ ಕಚೇರಿಯ ಬಾಗಿಲಲ್ಲಿ ಬಂದು ನಿಂತಾಗ ಒಂಬತ್ತು ಗಂಟೆಯೂ ಆಗಿರಲಿಲ್ಲ. ದಪ್ಪನೆಯ, ನಗುಮುಖದ ಹೆಂಗಸು, ಸಂತೆಯಲ್ಲಿ ಹಂದಿಮಾಂಸದ ಅಂಗಡಿಯವರೂ ಅವಳಿಗೆ ಹೆದರುತ್ತಿದ್ದರು. ಕೈಯಲ್ಲಿ ಒಂದು ಹಳದಿ ಚೀಟಿ ಇತ್ತು. ಅದನ್ನು ಚೌಕಟ್ಟಿನಿಂದ ಕಿತ್ತುಕೊಂಡು ಬಂದಿದ್ದಳು, ಹಿಂದೆ ಒಣಗಿದ ಅಂಟಿನ ಚಕ್ಕೆಗಳು ಹಾಗೇ ಇದ್ದವು. ಅವಳು ಕೂಗಲಿಲ್ಲ. ಕೂಗಿದ್ದರೆ ವಾನ್‌ಚಿಗೆ ಸುಲಭವಾಗುತ್ತಿತ್ತು.

"ಏನಮ್ಮಾ, ನಮ್ಮೆಜಮಾನ್ರು ಬೆಳಿಗ್ಗೆ ಐದಕ್ಕೆ ದೋಣಿ ಕಟ್ಟಿ ಮನೆಗೆ ಬಂದ್ರು. ಎರಡು ಬಟ್ಟಲು ಗಂಜಿ ಕುಡಿದು ಮಲಗಿದಾರೆ, ಗೊರಕೆ ಬೀದಿಗೆ ಕೇಳ್ತಿದೆ. ಆ ಗೊರಕೆ ಹೊಡೀತಿರೋದು ಯಾರು ಅಂತ ಸ್ವಲ್ಪ ನಿನ್ನ ಕಂಪ್ಯೂಟರ್‌ನ ಕೇಳಿ ಹೇಳ್ತೀಯಾ?"

ವಾನ್‌ಚಿ ಎದ್ದು ನಿಂತಳು. ಚೀಟಿಯ ಮೇಲೆ ಅವಳೇ ಮುದ್ರಿಸಿದ ಹೆಸರು, ಕೆಳಗೆ ದೋಣಿ: ಹೊಸ ಶುನ್‌ಮಾನ್. ಹೊಸ ಎಂಬ ಪದ ಹಿಂದಿನ ಶೇಕಡಾ ಗುರುತಿನ ಬಾಯಿಗೆ ಸಲೀಸಾಗಿ ಹೋಗಿತ್ತು. ಆಗಲೇ ಅವಳಿಗೆ ಎಲ್ಲ ತಿಳಿಯಿತು. ತಿಳಿದದ್ದೇ ಒಂದು ವಿಚಿತ್ರವಾದ, ನಾಚಿಕೆ ಹುಟ್ಟಿಸುವಂಥ ಕುತೂಹಲವೂ ಹುಟ್ಟಿತು: ಇನ್ನೂ ಯಾರ್ಯಾರು ಅದರೊಳಗೆ ಹೋಗಿರಬಹುದು? ಬಂದರಿನಲ್ಲಿ ದೋಣಿಗಳಿಗೆ ಇಡುವ ಪದಗಳು ಬೆರಳೆಣಿಕೆಯವು. ಸುಗಮ, ತುಂಬು, ಸಮೃದ್ಧಿ, ಏಳಿಗೆ, ಚಿನ್ನ. ಶುನ್ ಎಂದರೆ ಸುಗಮವಾಗಿ ಹೋಗಿ ಬರಲಿ, ಮಾನ್ ಎಂದರೆ ಹೊಟ್ಟೆ ತುಂಬ ಮೀನಿರಲಿ. ಕಡಲಿಗೆ ಇಳಿಯುವವನು ಬೇರೆ ಇನ್ನೇನು ಕೇಳಿಯಾನು? ಶುನ್‌ಮಾನ್ ಮೂರು, ಶುನ್‌ಮಾನ್ ಹದಿನಾರು, ಹಿರಿ ಶುನ್‌ಮಾನ್, ಹೊಸ ಶುನ್‌ಮಾನ್. ಎಲ್ಲರೂ ಒಂದೇ ಅದೃಷ್ಟವನ್ನು ಬೇಡಿದ್ದರು, ಹಾಗಾಗಿ ಅವಳ ಅಚ್ಚಿಗೆ ಎಲ್ಲರೂ ಕೂತಿದ್ದರು.

ಲ್ಯಾವ್ ಮಾಮ ಬಂದು ಗ್ವೇಯಿಂಗ್‌ಳ ಕೈಯಿಂದ ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆ ಬಾಗಿಸಿ, ದೇವಸ್ಥಾನದ ಪರವಾಗಿ ತಪ್ಪಾಯಿತೆಂದ. ಅವಳು ತಪ್ಪಿನ ಮಾತು ಆಮೇಲೆ, ಹಂದಿಕಾಲಿನ ಶಾವಿಗೆ ಯಾವಾಗ ಬರುತ್ತದೆ ಎಂದು ಕೇಳಿದಳು. ಸಾವು ತಾಕಿ ಹೋದವನಿಗೆ ಅದನ್ನು ತಿನ್ನಿಸಿ ಅಶುಭ ಕಳೆಯಬೇಕು. ಅದೂ ಬೀದಿಕೊನೆಯ ಅಂಗಡಿಯದಲ್ಲ, ಅಲ್ಲಿಯದು ತಿಂದರೆ ಬದುಕಿರುವವನೂ ಹಳದಿಗೆ ಹೋಗುತ್ತಾನೆ ಎಂದಳು. ತಾನೇ ಹೊತ್ತು ತರುತ್ತೇನೆಂದು ಲ್ಯಾವ್ ಮಾಮ ಒಪ್ಪಿದ. ಹೋಗುವ ಮುಂಚೆ ಗ್ವೇಯಿಂಗ್ ವಾನ್‌ಚಿಯ ಕಡೆ ತಿರುಗಿ ಒಂದು ಕ್ಷಣ ನೋಡಿದಳು. ಬೈಗುಳಕ್ಕೆ ಬಾಯಿ ತೆರೆದವಳು ಏನನ್ನೋ ನೆನೆಸಿಕೊಂಡು ಬಾಯಿ ಮುಚ್ಚಿಕೊಂಡಂತಿತ್ತು. ಆ ನೋಟ ವಾನ್‌ಚಿಗೆ ಗೊತ್ತು. ಎಂಟು ವರ್ಷದಿಂದ ಬಂದರಿನ ಹೆಂಗಸರು ಅವಳಿಗೆಂದೇ ತೆಗೆದಿಟ್ಟ ನೋಟ ಅದು. ಅದರಿಂದಾಗಿ ಅವಳನ್ನು ಯಾರೂ ಸರಿಯಾಗಿ ಬಯ್ಯುವುದೂ ಇಲ್ಲ.

ಲ್ಯಾವ್ ಮಾಮ ಬಾಗಿಲು ಮುಂದಕ್ಕೆ ಮಾಡಿ ಕೂತ. "ಏನು ಮಾಡ್ದೆ ಅಂತ ಕೇಳಲ್ಲ," ಎಂದ. "ಎಷ್ಟು ಜನ ಅಂತ ಹೇಳು." ಬದಲಾದ ಸಾಲುಗಳಲ್ಲಿ ತಪ್ಪಾದವು ಎಷ್ಟು ಎಂದು ಅವಳಿಗೆ ಗೊತ್ತಿರಲಿಲ್ಲ. ಅವನು ಮೂಗು ತಿಕ್ಕಿಕೊಂಡ. "ಮೂರು ಗಂಟೆಗೆ ಪುರೋಹಿತರು ಓದೋಕೆ ಶುರು ಮಾಡ್ತಾರೆ. ಅಷ್ಟರೊಳಗೆ ಕಾಗದ ಎಷ್ಟು ಸಲ ಬೇಕಾದ್ರೂ ಬದಲಾಯಿಸ್ಬಹುದು. ಓದಿದ ಮೇಲೆ ಮಾತ್ರ ಹೆಸರನ್ನ ವಾಪಸ್ ಕರೆಯೋಕೆ ನನ್ನ ಕೈಲಾಗಲ್ಲ, ವಾನ್‌ಚಿ." ಹೇಳಿ, ಶಾವಿಗೆ ತರಲು ಹೊರಟುಹೋದ.

ತೈಪೆಗೆ ಫೋನು ಮಾಡಿದಳು. ಸೋದರಳಿಯ ಯಾವುದೋ ಗದ್ದಲದ ನಡುವೆ ಇದ್ದ. ಬದಲಿಸುವ ಮುಂಚೆ ಒಂದು ನಕಲು ತೆಗೆದಿಟ್ಟಿದ್ದೀಯಾ ಎಂದು ಕೇಳಿದ. ಇಲ್ಲ. ಹಾಗಾದರೆ ಮೊದಲು ಯಾವ ಬಣ್ಣವಿತ್ತೆಂದು ಯಂತ್ರಕ್ಕೆ ನೆನಪಿಲ್ಲ, ಈಗಿರುವುದೇ ಅದಕ್ಕೆ ಎಂದೆಂದಿನಿಂದಲೂ ಇದ್ದದ್ದು ಎಂದ. ಸಮಾಧಾನ ಹೇಳಲೆಂದು, ಇನ್ನು ಮುಂದೆ ಯಾವ ಅಚ್ಚನ್ನೇ ಆಗಲಿ ಮೊದಲು ನೋಡುವುದಕ್ಕೆ ಮಾತ್ರ ಬಳಸು, ಕಂಡದ್ದು ಸರಿ ಎನಿಸಿದ ಮೇಲೆ ಬದಲಿಸು ಎಂದ. ಅದು ಒಳ್ಳೆಯ ಮಾತು. ಅವಳು ಆ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು. ಕಾಗದದ ಗುರುತೂ ಎಲ್ಲೂ ಇರಲಿಲ್ಲ. ಹೋದ ವರ್ಷದ ಚೀಟಿಗಳು ಹೋದ ವರ್ಷವೇ ಬೂದಿಯಾಗಿದ್ದವು, ಈ ವರ್ಷ ಹೆಸರು ಬರೆಸಲು ಬಂದವರು ಯಾರೂ ಏನನ್ನೂ ಬರೆದು ಕೊಟ್ಟಿರಲಿಲ್ಲ. ಇಲ್ಲಿನ ರೂಢಿಯೇ ಹಾಗೆ. ಕಿಟಕಿಯಲ್ಲಿ ತಲೆ ಹಾಕಿ, ಹೋದ ವರ್ಷದ ಹಾಗೇ, ಎನ್ನುತ್ತಾರೆ. ಅವಳು ಆ ಸಾಲನ್ನು ಹುಡುಕಿ ವರ್ಷವೊಂದನ್ನು ಬದಲಿಸುತ್ತಾಳೆ. ಹೊಸ ಸಾಲು ಹುಟ್ಟುವುದಿಲ್ಲ. ಜನ ಮುದುಕರಾಗುತ್ತಾರೆ, ಮನೆ ಬದಲಿಸುತ್ತಾರೆ, ಮಕ್ಕಳಿಗೆ ಮಕ್ಕಳಾಗುತ್ತವೆ, ಟೇಬಲಿನಲ್ಲಿ ಅದೇ ಸಾಲು ಅದೇ ಜಾಗದಲ್ಲಿ ಕೂತು ವರ್ಷದಿಂದ ವರ್ಷಕ್ಕೆ ದಾಟುತ್ತಿರುತ್ತದೆ.

ಅವಳು ಮೊದಲು ನೋಡುವುದಕ್ಕೆ ಮಾತ್ರ ಹುಡುಕಿದಳು. ಶುನ್‌ಮಾನ್ ಇರುವ ಹಳದಿ ಸಾಲುಗಳೆಲ್ಲ ಬಂದವು. ಅದರೊಳಗಿಂದ ಮುಳುಗಿದ ಆರನೆಯ ದೋಣಿಯವರನ್ನು ಪಕ್ಕಕ್ಕೆ ತೆಗೆಯಬೇಕು, ಅವರು ಹಳದಿಯಲ್ಲೇ ಇರಬೇಕಾದವರು. ಕೊನೆಯಲ್ಲಿ ಆರು ಇರುವವರು ಎಂದು ಕೇಳಿದರೆ ಹದಿನಾರರವರೂ ಜೊತೆಗೆ ಬಂದರು. ಶುನ್‌ಮಾನ್ ಆದ ಮೇಲೆ ಒಂದೇ ಅಡಿಗೆರೆ ಎಳೆದರೆ ಹದಿನಾರು ಬಿಟ್ಟುಹೋಯಿತು, ಆದರೆ ಮೂರು ಒಳಗೆ ಬಂತು. ಅವಳು ಅಚ್ಚನ್ನು ಬಿಗಿ ಮಾಡಿದಳು, ಸಡಿಲಿಸಿದಳು, ಮತ್ತೆ ಬಿಗಿ ಮಾಡಿದಳು. ಹೊರಗೆ ಹೆಂಗಸರು ಮೇಜುಗಳ ಮೇಲೆ ಅನಾನಸು, ಅಕ್ಕಿ ಹಪ್ಪಳದ ಚೀಲ, ಬಿಯರ್ ಡಬ್ಬಿಗಳನ್ನು ಜೋಡಿಸುತ್ತ ನಗುತ್ತಿದ್ದರು. ಒಳಗೆ ಒಂದೊಂದು ಸಲ ಒತ್ತಿದಾಗಲೂ ಬೇರೆ ಬೇರೆ ಗುಂಪಿನ ಗಂಡಸರು ಅವಳೆದುರು ಬಂದು ನಿಂತು ಹೋಗುತ್ತಿದ್ದರು. ತಪ್ಪು ಮಾಡಿ ಕೂತವಳಿಗೆ ಇಷ್ಟು ಕುತೂಹಲ ಇರಬಾರದು ಎಂದು ತನ್ನನ್ನೇ ಗದರಿಸಿಕೊಂಡಳು. ಆದರೂ ಅದು ನಿಲ್ಲಲಿಲ್ಲ. ಒಂದು ಗುರುತು ಇಲ್ಲಿಂದ ಅಲ್ಲಿಗೆ ಸರಿದರೆ ಯಾರು ಒಳಗೆ, ಯಾರು ಹೊರಗೆ ಎಂಬುದೇ ಬೇರೆಯಾಗುತ್ತದೆ, ಆ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ, ಅವರು ತಮ್ಮ ಪಾಡಿಗೆ ಬಲೆ ಹೆಣೆಯುತ್ತಲೋ ಗೊರಕೆ ಹೊಡೆಯುತ್ತಲೋ ಇರುತ್ತಾರೆ. ಪುರೋಹಿತರು ಓದುವ ಹೆಸರನ್ನು ಕಡಲ ತಾಯಿ ಹೇಗೆ ಹುಡುಕುತ್ತಾಳೆ? ಹೆಸರು, ಹುಟ್ಟಿದ ಗಳಿಗೆ, ಮನೆಯ ನಂಬರು, ಎಲ್ಲವೂ ಅಕ್ಷರಕ್ಕೆ ಅಕ್ಷರ ಕೂಡಬೇಕೆ? ಒಮ್ಮೆ ಅವಳು ಇದನ್ನೇ ಲ್ಯಾವ್ ಮಾಮನನ್ನು ಕೇಳಿದಾಗ, ಮನೆ ಬದಲಿಸಿದವರ ಹಳೇ ವಿಳಾಸಕ್ಕೆ ತಾಯಿ ಹೋದರೆ ಆ ಬೀದಿಯ ಗುಡಿಯ ಪುಟ್ಟ ದೇವರು ಹೊರಗೆ ಬಂದು, ಅವರಾ, ಅವರು ಮಗನ ಮನೆಗೆ ಹೋದರಲ್ಲ, ಮೀನು ಸಂತೆಯ ಹಿಂದೆ, ಎಂದು ದಾರಿ ಹೇಳುತ್ತಾನೆ ಎಂದಿದ್ದ. ಗಂಭೀರವಾಗಿಯೇ ಹೇಳಿದ್ದ.

ಉಳಿದವರ ಪಟ್ಟಿ ಆಯಿತು. ಆದರೆ ಅವರಲ್ಲೂ ಎಲ್ಲರನ್ನೂ ಕೆಂಪಿಗೆ ಮರಳಿಸುವ ಹಾಗಿರಲಿಲ್ಲ. ಎಂದೋ ಸತ್ತು, ಎಂದಿನಿಂದಲೋ ಹಳದಿಯಲ್ಲೇ ಇದ್ದ ಹಳೆಯ ಶುನ್‌ಮಾನಿನವರೂ ಅದರಲ್ಲಿ ಬೆರೆತುಹೋಗಿದ್ದರು. ಬೆರಳನ್ನು ಪರದೆಯ ಮೇಲೆ ಇಟ್ಟು ಒಬ್ಬೊಬ್ಬರನ್ನೇ ನೋಡುತ್ತ ಹೋದಳು. ಮಾತಾಡದವಳಿಗೆ ನೋಡುವುದಾದರೂ ಬರುತ್ತದೆ. ಇವನು ನಿನ್ನೆ ಸಂಜೆ ಮಂಜುಗಡ್ಡೆ ಕಾರ್ಖಾನೆಯ ಎದುರು ಎಲೆಯಡಿಕೆ ಉಗಿಯುತ್ತಿದ್ದ, ಬದುಕಿದ್ದಾನೆ. ಇವನ ಹೆಂಡತಿ ಮೊನ್ನೆ ಇವನ ಅಂಗಿಯನ್ನು ಕಿಟಕಿಯಿಂದ ಬೀದಿಗೆ ಎಸೆದಳು, ಬದುಕಿದ್ದಾನೆ. ಗೊತ್ತಿಲ್ಲದವರು ಉಳಿದರು. ಅವರ ಸಾಲಿನ ಪಕ್ಕ ಫೋನ್ ನಂಬರುಗಳಿದ್ದವು. ನಿಮ್ಮ ಮನೆಯವರು ಬದುಕಿದ್ದಾರೆಯೇ ಎಂದು ಯಾರ ಮನೆಗೆ ಫೋನು ಮಾಡಿ ಕೇಳುವುದು? ಅವಳು ರಿಸೀವರ್ ಎತ್ತಿ ಇಟ್ಟಳು, ಎತ್ತಿ ಇಟ್ಟಳು. ಆಮೇಲೆ ಒಂದು ವಾಕ್ಯ ಹೊಳೆಯಿತು. ಅದನ್ನು ಒಮ್ಮೆ ಗೋಡೆಗೆ ಹೇಳಿ ನೋಡಿದಳು: ದೇವಸ್ಥಾನದ ಕಚೇರಿಯಿಂದ, ಈ ವರ್ಷ ನಿಮ್ಮ ಚೀಟಿ ಕೆಂಪೋ ಹಳದಿಯೋ?

ಮೊದಲು ಎತ್ತಿದವನು ಒಬ್ಬ ಮುದುಕ. ಅವಳು ಹೇಳಿದ ಹೆಸರು ಅವನದೇ ಆಗಿತ್ತು. "ಸದ್ಯಕ್ಕೆ ಕೆಂಪೇ ಇರ್ಲಿ ಮಗಳೇ," ಎಂದ. "ಯಾಕೆ, ನಮ್ಮ ಸೊಸೆ ಏನಾದ್ರೂ ವಿಚಾರಿಸಿದ್ಳಾ?" ಇನ್ನೊಂದು ಮನೆಯ ಹೆಂಗಸು ಯೋಚಿಸದೆ ಹಳದಿ ಎಂದಳು, ಹತ್ತು ವರ್ಷವಾಯಿತು, ಕುಡಿದು ಕುಡಿದು ಬದುಕಿದ್ದಾಗಲೇ ಅವನು ಹಳದಿ ಬಣ್ಣಕ್ಕೆ ತಿರುಗಿದ್ದ ಎಂದು ನಕ್ಕಳು. ಮತ್ತೊಬ್ಬಳು ಕೆಂಪು ಎಂದು ಹೇಳಿ, ಫೋನು ಇಡದೆ, ಅವನು ಕಡಲಿನಿಂದ ಇನ್ನೂ ಬಂದಿಲ್ಲ, ನಾಳೆ ಬರುತ್ತಾನೆ, ಕೆಂಪೇ ಅಲ್ಲವಾ, ಸರಿಯಾಗಿ ನೋಡು ಎಂದು ಮತ್ತೆ ಮತ್ತೆ ಹೇಳಿದಳು. ಸರಿಯಾಗಿ ನೋಡಿದೆ ಎಂದು ವಾನ್‌ಚಿ ಹೇಳಿದಳು, ಹೇಳುತ್ತಲೇ ಆ ಸಾಲನ್ನು ಕೆಂಪು ಮಾಡಿದಳು. ಒಂದೊಂದು ಉತ್ತರಕ್ಕೂ ಅವಳ ದನಿ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತಿತ್ತು. ಜನ ಇಷ್ಟು ಸರಾಗವಾಗಿ ಉತ್ತರ ಕೊಡುತ್ತಾರೆಂದು ಅವಳು ತಿಳಿದಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಯಾರಾದರೂ ಕೇಳುವುದಷ್ಟೇ ಇರಬಹುದು ಎಂದುಕೊಂಡಳು. ಹೊಸ ಚೀಟಿಗಳನ್ನು ಹೆಂಗಸರು ಬಂದು ಒಯ್ದರು, ಅಂಟಿನ ಬಟ್ಟಲು ಅವಳ ಮೇಜಿನ ಮೇಲೆ ಬಿಳಿ ಉಂಗುರ ಬಿಟ್ಟು ಹೋಯಿತು.

ಕೊನೆಗೆ ಒಂದು ಸಾಲು ಉಳಿಯಿತು. ಮೊದಲಿನಿಂದಲೂ ಅದು ಅಲ್ಲೇ ಇತ್ತು, ಪ್ರತಿ ಸಲ ಬೆರಳು ಅದನ್ನು ದಾಟಿ ಮುಂದೆ ಹೋಗಿತ್ತು. ಹೆಸರು ಚಿನ್‌ಶುಯಿ. ದೋಣಿ ಶುನ್‌ಮಾನ್ ಮೂರು. ಫೋನ್ ನಂಬರು ಅವಳ ಮನೆಯದು.

ಎಂಟು ವರ್ಷದ ಹಿಂದಿನ ಮಾತು; ದೋಣಿ ಮುಳುಗಿರಲಿಲ್ಲ. ದೋಣಿ ಸುಗಮವಾಗಿ ವಾಪಸು ಬಂದಿತ್ತು, ಹೊಟ್ಟೆ ತುಂಬ ಬಂಗುಡೆ ತುಂಬಿಕೊಂಡು. ಬೆಳಗಿನ ಜಾವ ಬಲೆ ಎಳೆಯುವಾಗ ಎಲ್ಲರೂ ಇದ್ದರು, ಬೆಳಕು ಹರಿದಾಗ ಒಬ್ಬ ಕಡಿಮೆ ಇದ್ದ ಎಂದು ಉಳಿದವರು ಹೇಳಿದರು. ಅಪ್ಪನ ಬೂಟುಗಳನ್ನು ಯಾರೋ ಚೀಲದಲ್ಲಿ ಹಾಕಿ ತಂದುಕೊಟ್ಟರು. ತಾಯಿ ಇಲ್ಲದ ಮನೆ ಮೊದಲೇ ಸಣ್ಣದು, ಅಲ್ಲಿ ಅಜ್ಜಿ ಆ ಬೂಟುಗಳನ್ನು ತೊಳೆದು ಒಣಗಿಸಿ ಎಲ್ಲಿಟ್ಟಳೆಂದು ವಾನ್‌ಚಿ ಕೇಳಲಿಲ್ಲ. ಆ ವರ್ಷದ ಏಳನೆಯ ತಿಂಗಳಲ್ಲಿ ಅಜ್ಜಿ ತಾನೇ ಕಿಟಕಿಗೆ ಬಂದು, ಕೆಂಪು ಬರೆಯಿರಿ ಎಂದಳಂತೆ. ಕಿಟಕಿಯಲ್ಲಿದ್ದವರು ಬರೆದರು. ಮರುವರ್ಷಗಳಲ್ಲಿ, ಹೋದ ವರ್ಷದ ಹಾಗೇ ಎಂದಿರಬೇಕು. ಆಮೇಲೆ ಕಿಟಕಿಗೆ ವಾನ್‌ಚಿ ಬಂದಳು. ಅವಳು ಕೆಲಸಕ್ಕೆ ಸೇರಿದ ಮೇಲೆ ಅಜ್ಜಿ ಬರುವ ಅಗತ್ಯವಿರಲಿಲ್ಲ, ಅವಳೇ ಆ ಸಾಲಿನ ವರ್ಷ ಬದಲಿಸಿ, ಮುದ್ರಿಸಿ, ರಸೀದಿಯನ್ನು ಮನೆಗೆ ಒಯ್ದು ಅಕ್ಕಿಡಬ್ಬದ ಮೇಲೆ ಇಡುತ್ತಿದ್ದಳು. ಅಜ್ಜಿ ರಸೀದಿಯನ್ನು ನೋಡುತ್ತಿದ್ದಳು. ಇಬ್ಬರೂ ಊಟಕ್ಕೆ ಕೂರುತ್ತಿದ್ದರು.

ಹಜಾರಕ್ಕೆ ಹೋಗಿ ನೋಡಿದಳು. ಬಲಗಡೆಯ ಚೌಕಟ್ಟಿನಲ್ಲಿ, ಕಣ್ಣಿನ ಎತ್ತರಕ್ಕೆ, ಹಳದಿ ಕಾಗದದ ಮೇಲೆ ಅಪ್ಪನ ಹೆಸರಿತ್ತು. ನೋಡಿದ ಕೂಡಲೇ ಏನೋ ಆಗುತ್ತದೆಂದು ಹೆದರಿದ್ದಳು, ಏನೂ ಆಗಲಿಲ್ಲ. ಅಂಟು ಒಣಗಿ ಕಾಗದದ ಒಂದು ಮೂಲೆ ಸುರುಟಿಕೊಂಡಿತ್ತು. ಅಕ್ಕಪಕ್ಕದ ಹೆಸರುಗಳಿಗಿಂತ ಅದು ಬೇರೆಯಾಗಿ ಕಾಣಲಿಲ್ಲ. ಬೆಳಿಗ್ಗೆಯಿಂದ ಈ ಚೌಕಟ್ಟಿನ ಮುಂದೆ ಊರೆಲ್ಲ ಓಡಾಡಿದೆ, ಗ್ವೇಯಿಂಗ್ ತನ್ನ ಗಂಡನ ಚೀಟಿಯನ್ನು ಕಿತ್ತದ್ದು ಇದರ ಕೆಳಗಿನ ಸಾಲಿನಿಂದ. ಅವಳು ಇದನ್ನು ನೋಡಿಯೇ ಇರಬೇಕು. ಯಾರೂ ಕಚೇರಿಗೆ ಬಂದು, ಅಯ್ಯೋ, ನಿಮ್ಮಪ್ಪನ ಹೆಸರು ತಪ್ಪಿ ಹಳದಿಗೆ ಬಿದ್ದಿದೆ ಎನ್ನಲಿಲ್ಲ. ಯಾರಿಗೂ ಅದು ತಪ್ಪು ಎನಿಸಲಿಲ್ಲ. ಊರಿಗೆಲ್ಲ ಎಂದೋ ಗೊತ್ತಿದ್ದದ್ದನ್ನು ತಾನೊಬ್ಬಳೇ ವರ್ಷ ವರ್ಷ ಕೆಂಪು ಕಾಗದದಲ್ಲಿ ಮುದ್ರಿಸಿ ಅಂಟಿಸಲು ಕೊಡುತ್ತಿದ್ದಾಗ, ಅಂಟಿಸುವ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡಿರಬೇಕು. ಕೆಂಪಿನ ಮುಂದೆ ಊಟ ಇಡುವುದಿಲ್ಲ. ಬದುಕಿರುವವನಿಗೆ ದೇವಸ್ಥಾನ ಯಾಕೆ ಊಟ ಇಡಬೇಕು, ಅವನ ಮನೆಯಲ್ಲಿ ಗಂಜಿ ಇರುತ್ತದಲ್ಲ. ಹಾಗಾದರೆ ಈ ಎಂಟು ವರ್ಷ, ಪ್ರತಿ ಏಳನೆಯ ತಿಂಗಳು, ನೀರಿನಿಂದ ಎದ್ದು ಬಂದವರೆಲ್ಲ ಮೇಜಿನ ಸುತ್ತ ತಮ್ಮ ತಮ್ಮ ಹೆಸರಿಗೆ ಕೂತಾಗ, ಒಬ್ಬ ಬಾಗಿಲಲ್ಲಿ ನಿಂತು ತನ್ನ ಹೆಸರು ಕರೆಯುವರೇ ಎಂದು ಕಾದು, ಎದುರು ಗೋಡೆಯ ಮೇಲೆ ಕೆಂಪಿನಲ್ಲಿ ಅದನ್ನು ಕಂಡು, ಹಿಂದಿರುಗಿ ಹೋಗಿದ್ದಾನೆಯೇ? ಅಥವಾ ದೂರದ ಯಾವುದೋ ಬಂದರಿನಲ್ಲಿ, ಮರೆವಿನಲ್ಲೋ ಸಾಲದಲ್ಲೋ ಇನ್ನೊಬ್ಬ ಹೆಣ್ಣಿನ ಮನೆಯಲ್ಲೋ, ಅವನು ಈ ಗಳಿಗೆ ಎದ್ದು ಕೂತು ಕೆಮ್ಮುತ್ತಿದ್ದರೆ? ಎರಡೂ ಅವಳ ಅಚ್ಚಿಗೆ ಕೂರುತ್ತಿದ್ದವು. ಯಾವುದನ್ನು ಬಿಡಬೇಕೆಂದು ಹೇಳುವ ಗುರುತು ಅವಳಿಗೆ ಯಾರೂ ಕಲಿಸಿರಲಿಲ್ಲ.

ಗಡಿಯಾರ ಎರಡು ದಾಟಿತ್ತು. ಪುರೋಹಿತರ ಕಡೆಯವರು ಗಂಟೆ, ಜಾಗಟೆಗಳನ್ನು ಬಟ್ಟೆಯಿಂದ ಬಿಚ್ಚುತ್ತಿದ್ದರು. ಲ್ಯಾವ್ ಮಾಮ ಬಂದು ಎಲ್ಲ ಮುಗಿಯಿತೇ ಎಂದು ಕೇಳಿದ. ಒಂದು ಉಳಿದಿದೆ ಎಂದಳು. ಯಾವುದು ಎಂದು ಅವನು ಕೇಳಲಿಲ್ಲ. ಅವನಿಗೂ ಗೊತ್ತಿತ್ತು. "ಮೊದಲಿದ್ದ ಹಾಗೇ ಮಾಡ್ಬಿಡು, ಕೆಂಪು ಕಾಗದ ಇನ್ನೂ ಇದೆ," ಎಂದು ಮೃದುವಾಗಿ ಹೇಳಿ ಹೊರಗೆ ಹೋದ. ಮೊದಲಿದ್ದ ಹಾಗೇ. ಅವಳು ಸಾಲನ್ನು ತೆರೆದಳು. ಬಣ್ಣದ ಮೇಲೆ ಬೆರಳಿಟ್ಟಳು. ಒತ್ತಿದರೆ ಆಯಿತು, ಯಂತ್ರಕ್ಕೆ ನೆನಪಿರುವುದಿಲ್ಲ, ಅಜ್ಜಿಗೆ ತಿಳಿಯುವುದಿಲ್ಲ. ಆದರೆ ಬೆಳಿಗ್ಗೆಯಿಂದ ಅವಳು ಗೊತ್ತಿಲ್ಲದ ಪ್ರತಿ ಮನೆಗೂ ಫೋನು ಮಾಡಿ ಕೇಳಿದ್ದಳು. ಗೊತ್ತಿಲ್ಲದ ಮನೆಗಳಲ್ಲಿ ಇನ್ನೊಂದು ಉಳಿದಿತ್ತು.

ಫೋನು ಬಹಳ ಹೊತ್ತು ಹೊಡೆದುಕೊಂಡಿತು. ಅಜ್ಜಿ ಎತ್ತಿದಾಗ ಹಿಂದೆ ನಲ್ಲಿಯ ನೀರು ಬೀಳುತ್ತಿತ್ತು, ಅವಳು ಮೀನು ತೊಳೆಯುತ್ತಿದ್ದಿರಬೇಕು.

"ದೇವಸ್ಥಾನದ ಕಚೇರಿಯಿಂದ," ಎಂದಳು ವಾನ್‌ಚಿ. ಬೆಳಿಗ್ಗೆಯ ಅದೇ ದನಿ ಬಂತು, ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು. "ಚಿನ್‌ಶುಯಿ ಅವರ ಚೀಟಿ. ಈ ವರ್ಷ ಕೆಂಪೋ ಹಳದಿಯೋ?"

ನಲ್ಲಿ ನಿಂತಿತು.  

"ದೇವಸ್ಥಾನ ಕೇಳ್ತಿದೆಯೋ, ನೀನು ಕೇಳ್ತಿದೀಯೋ?"

"ನಾನು, ಅಜ್ಜಿ."

"ಮೂರು ವರ್ಷ ಆಯ್ತು ನೀನು ಆ ಕುರ್ಚಿ ಮೇಲೆ ಕೂತು," ಎಂದಳು ಅಜ್ಜಿ. ಬಯ್ಯುವ ದನಿಯಲ್ಲ, ಲೆಕ್ಕ ಹೇಳುವ ದನಿಯೂ ಅಲ್ಲ. "ಪ್ರತಿ ಸಲ ಏಳನೇ ತಿಂಗಳು ಬಂದಾಗ, ಈ ಸಲ ಕೇಳ್ತಾಳೆ ಅಂದ್ಕೊಳ್ತಿದ್ದೆ. ನೀನು ರಸೀದಿ ತಂದಿಡ್ತಿದ್ದೆ. ಕೆಂಪು ಅಂತ ಇರ್ತಿತ್ತು. ಹುಡುಗಿಗೆ ಇನ್ನೂ ಕೆಂಪೇ ಬೇಕಾಗಿದೆ, ನಾನ್ಯಾಕೆ ಬಾಯಿ ಬಿಡ್ಲಿ ಅಂತ ಸುಮ್ನಿದ್ದೆ."

ವಾನ್‌ಚಿ ತನಗೆ ಬೇಕಾಗಿರಲಿಲ್ಲ ಎಂದು ಹೇಳಲು ಹೋದಳು. ಬೇಕಾಗಿತ್ತು ಎಂದೂ ಹೇಳಲು ಹೋದಳು. ಎರಡೂ ಗಂಟಲಲ್ಲಿ ಒಟ್ಟಿಗೆ ಬಂದು ನಿಂತವು. ಎದುರು ಯಾರ ಮುಖವೂ ಇರಲಿಲ್ಲ, ಹಾಗಾಗಿ ಅವು ಹಿಂದಕ್ಕೆ ಹೋಗಲಿಲ್ಲ. "ಈಗ ಹಳದಿಗೆ ಬಿದ್ದಿದೆ, ಅಜ್ಜಿ. ನನ್ನ ಕೈತಪ್ಪಿಂದ. ತೆಗೀಬೇಕು ಅಂದ್ರೆ ಇನ್ನೂ ಹೊತ್ತಿದೆ."

"ಓದೋದು ಎಷ್ಟು ಹೊತ್ತಿಗೆ?"

"ಮೂರಕ್ಕೆ. ಮೊದಲು ಕೆಂಪು, ಆಮೇಲೆ ಹಳದಿ."

"ಊಟ ನಾವೇ ತರ್ಬೇಕೋ, ಅವರೇ ಇಡ್ತಾರೋ?"

"ಅವರೂ ಇಡ್ತಾರೆ. ತಂದ್ರೆ ಅದನ್ನೂ ಇಡಬಹುದು."

ಅಜ್ಜಿ ಫೋನು ಇಟ್ಟಳು. ಬರುತ್ತೇನೆಂದೂ ಹೇಳಲಿಲ್ಲ. ವಾನ್‌ಚಿ ಬಣ್ಣದ ಮೇಲಿನಿಂದ ಬೆರಳು ತೆಗೆದು, ಏನನ್ನೂ ಬದಲಿಸದೆ, ಆ ಸಾಲನ್ನು ಮುಚ್ಚಿದಳು.

ಕೆಂಪು ಹೆಸರುಗಳ ಓದು ಅರ್ಧಕ್ಕೆ ಬಂದಾಗ ಅಜ್ಜಿ ಹಜಾರದ ಬಾಗಿಲಲ್ಲಿ ಕಾಣಿಸಿಕೊಂಡಳು, ತಾನು ಕೆಲಸ ಮಾಡುವ ಮೀನು ಶೆಡ್ಡಿನ ಪ್ಲಾಸ್ಟಿಕ್ ಏಪ್ರನ್ನಿನಲ್ಲೇ, ಕೈಯಲ್ಲಿ ಬಟ್ಟೆ ಮುಚ್ಚಿದ ಒಂದು ತಟ್ಟೆ. ಚೌಕಟ್ಟಿನ ಹತ್ತಿರ ಹೋಗಿ ಹೆಸರನ್ನು ನೋಡಿದಳು. ಅವಳಿಗೆ ಓದಲು ಬರುವುದು ಕೆಲವೇ ಅಕ್ಷರ, ಮಗನ ಹೆಸರಿನವು ಅವುಗಳಲ್ಲಿ ಇದ್ದವು. ಸುರುಟಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಆಮೇಲೆ ಮೇಜಿನ ತುದಿಯಲ್ಲಿ ಒಂದು ಸ್ಟೂಲು ಎಳೆದುಕೊಂಡು ಕೂತು ಬಟ್ಟೆ ತೆಗೆದಳು. ಹುರಿದ ಬಂಗುಡೆ, ಇನ್ನೂ ಬಿಸಿಯಿತ್ತು. ಅಜ್ಜಿ ಅದನ್ನು ಇಡೀ ಇಡಲಿಲ್ಲ. ಬೆರಳುಗಳಿಂದ ಬಿಡಿಸಿ ಮುಳ್ಳು ತೆಗೆಯತೊಡಗಿದಳು. ವಾನ್‌ಚಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಮೀನು ಹಿಡಿಯೋಕೆ ಹುಟ್ಟಿದೋನು," ಎಂದಳು ಅಜ್ಜಿ, ತಲೆಯೆತ್ತದೆ. "ಮುಳ್ಳು ಬಿಡಿಸೋಕೆ ಮಾತ್ರ ಕೊನೇತನಕ ಬರ್ಲಿಲ್ಲ ಅವನಿಗೆ."

ಕೊನೆತನಕ ಎಂಬ ಮಾತು ಅಜ್ಜಿಯ ಬಾಯಿಂದ ಬಂದದ್ದನ್ನು ವಾನ್‌ಚಿ ಕೇಳಿದಳು. ಅಜ್ಜಿಯೂ ಅದನ್ನು ಕೇಳಿಸಿಕೊಂಡಂತೆ ಒಂದು ಗಳಿಗೆ ಬೆರಳು ನಿಲ್ಲಿಸಿ, ಮತ್ತೆ ಬಿಡಿಸತೊಡಗಿದಳು. ಪುರೋಹಿತರು ಕೆಂಪು ಮುಗಿಸಿ, ನೀರು ಕುಡಿದು, ಬಲಗಡೆಯ ಚೌಕಟ್ಟಿನ ಕಡೆ ತಿರುಗಿ ಮೇಲಿನ ಸಾಲಿನಿಂದ ಓದಲು ಶುರು ಮಾಡಿದರು. ಅವರು ಯಾವ ಹೆಸರಿಗೂ ಅವಸರ ಮಾಡುತ್ತಿರಲಿಲ್ಲ, ಯಾವುದಕ್ಕೂ ನಿಲ್ಲುತ್ತಲೂ ಇರಲಿಲ್ಲ. ತಟ್ಟೆಯಲ್ಲಿ ಅರ್ಧ ಮೀನು ಇನ್ನೂ ಹಾಗೇ ಇತ್ತು. ವಾನ್‌ಚಿ ತನ್ನ ಕೈಯನ್ನೂ ತಟ್ಟೆಗೆ ಹಾಕಿದಳು.